ನೀಲಿ ಇದ್ದಲ್ಲಿ ತೇವ

ಕ್ಯಾಮೆರಾದವನು ಬರುವ ಹೊತ್ತಿಗೆ ಮಾವನ ಕೋಣೆಯ ನೆಲ ಒಣಗಿರಬೇಕೆಂದು ಶೈಲಶ್ರೀ ಬೆಳಗಿನಿಂದಲೂ ಫ್ಯಾನನ್ನು ಜೋರಾಗಿ ತಿರುಗಲು ಬಿಟ್ಟಿದ್ದಳು. ಕಿಟಕಿಯ ಎರಡೂ ಬಾಗಿಲು ತೆರೆದಿದ್ದಳು. ನೆಲವೇನೋ ಒಣಗಿತ್ತು. ಬರಿಗಾಲಲ್ಲಿ ಮೂಲೆಯಿಂದ ಮೂಲೆಗೆ ನಡೆದು ನೋಡಿದಳು, ಎಲ್ಲೂ ಅಂಟಲಿಲ್ಲ. ಆದರೆ ಮಂಚದ ಕೆಳಗೆ, ಹಳೆಯ ಮೊಸಾಯಿಕ್ ನೆಲವೂ ಗೋಡೆಯೂ ಸೇರುವ ಗೆರೆಯಲ್ಲಿ ಬೆರಳಿಟ್ಟರೆ ತಣ್ಣಗೆ ಏನೋ ತಗುಲುತ್ತಿತ್ತು. ಅದು ನಿಜವಾಗಿ ತಣ್ಣಗಿದೆಯೋ ತನ್ನ ಹೆದರಿಕೆಯೋ ತಿಳಿಯದೆ ಆ ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಫಿನಾಯಿಲ್. ಫಿನಾಯಿಲಿನ ಹಿಂದೆ ಇನ್ನೊಂದು. ಈಚೆಗೆ ಅವಳ ಮೂಗು ಅವಳ ಮಾತು ಕೇಳುತ್ತಿರಲಿಲ್ಲ. ಊಟಕ್ಕೆ ಕೂತರೂ, ಜಯನಗರ ನಾಲ್ಕನೇ ಬ್ಲಾಕಿನ ಹೂವಿನ ಅಂಗಡಿಯ ಮುಂದೆ ನಿಂತರೂ, ಆ ಇನ್ನೊಂದು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತಿತ್ತು.

ಮಾವ ಸಂಜೀವಯ್ಯನವರು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ತುಂಬುತೋಳಿನ ಅಂಗಿ. ಕಾಲೇಜಿನ ಪ್ರಿನ್ಸಿಪಾಲರಾಗಿದ್ದಾಗ ಇನ್‌ಸ್ಪೆಕ್ಷನ್ನಿನವರು ಬರುವ ದಿನ ಹೀಗೇ ಕೂರುತ್ತಿದ್ದರೇನೋ. “ಎಷ್ಟು ಹೊತ್ತಿಗೆ ಬರ್ತಾನಂತೆ?” ಎಂದು ಪೇಪರಿನ ಹಿಂದಿನಿಂದಲೇ ಕೇಳಿದರು. “ಹನ್ನೊಂದು ಅಂದಿದ್ದಾರೆ ಮಾವ.” “ಗೋಡೆ ಒಳಗಡೆ ಇರೋದೆಲ್ಲ ಕಾಣುತ್ತಂತಾ?” “ಬಿಸಿ ಎಲ್ಲಿದೆ, ತಣ್ಣಗೆ ಎಲ್ಲಿದೆ, ಅಷ್ಟೇ ಕಾಣೋದಂತೆ.” ಕೆಮಿಸ್ಟ್ರಿ ಕಲಿಸಿದವರು. “ಇನ್‌ಫ್ರಾರೆಡ್,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು; ಆ ಶಬ್ದ ಬಾಯಿಗೆ ಬಂದದ್ದರಿಂದ ಕೊಂಚ ಸಮಾಧಾನವಾದಂತೆ ಪುಟ ತಿರುವಿದರು. ಒಂದು ಸಲ ಬಾತ್‌ರೂಮಿಗೆ ಹೋಗಿ ಬನ್ನಿ ಎಂದು ಹೇಳಬೇಕೆಂದು ಶೈಲಶ್ರೀಗೆ ಅನ್ನಿಸಿತು. ಅವರಿಬ್ಬರ ನಡುವೆ ಆ ಮಾತು ಇರಲಿಲ್ಲ. ಎಂಟು ತಿಂಗಳಿಂದ ಅವರು ಹೇಳುತ್ತಿದ್ದದ್ದು ಒಂದೇ: “ಕೋಣೆ ಸ್ವಲ್ಪ ನೋಡಮ್ಮ.”

ಮೊದಲ ಸಲ ಹಾಗೆಂದಾಗ ಅವಳಿಗೆ ಅರ್ಥವಾಗಿರಲಿಲ್ಲ. ಮಧ್ಯಾಹ್ನ, ಗಂಡ ವಸಿಷ್ಠ ಆಫೀಸಿನಲ್ಲಿದ್ದ. ಜೇಡ ಹಲ್ಲಿ ಏನಾದರೂ ಇರಬೇಕೆಂದು ಪೊರಕೆ ಹಿಡಿದು ಹೋದಳು. ಮಾವ ಬಾಗಿಲ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಪಂಚೆಯ ಮುಂಭಾಗ ಒದ್ದೆ, ನೆಲದ ಮೇಲೆ ಹರಿದು ಮಂಚದ ಕೆಳಗೆ ಹೋಗಿತ್ತು. ಅವಳು ಏನೂ ಕಾಣದವಳಂತೆ ಬಕೆಟ್ಟು ತಂದಳು. ಮುಗಿಸಿ ಏಳುವಾಗ ಅವರು, ಮದುವೆಯಾಗಿ ಬಂದ ಮೇಲೆ ಒಂದು ದಿನವೂ ತನ್ನನ್ನು ನೆಟ್ಟಗೆ ನೋಡಿ ಮಾತಾಡದಿದ್ದ ಮನುಷ್ಯ, ಅವಳಿಗೆ ಕೈ ಮುಗಿದರು. “ವಸಿಷ್ಠನಿಗೆ ಹೇಳಬೇಡಮ್ಮ.” ಅಯ್ಯೋ ಮಾವ, ಇಳಿಸಿ ಕೈ, ಎಂದಳು. ಆ ಕೈಗಳನ್ನು ಅವಳು ಇಳಿಸಿದಾಗಲೇ ಗಂಡನಿಗೆ ಹೇಳುವ ಬಾಗಿಲು ಮುಚ್ಚಿಕೊಂಡಿತೆಂದು ಈಗ ಅನ್ನಿಸುತ್ತದೆ. ಏಕೆಂದರೆ ಅದರ ಹಿಂದಿನ ವಾರವಷ್ಟೇ ವಸಿಷ್ಠ ಊಟದ ಮುಂದೆ ತನ್ನ ಆಫೀಸಿನವನೊಬ್ಬನ ವಿಷಯ ಹೇಳಿದ್ದ: ಅವರಪ್ಪನಿಗೆ ಎಲ್ಲ ಹಾಸಿಗೇಲೇ ಆಗೋಕೆ ಶುರುವಾಯ್ತಂತೆ, ಅಂಜನಾಪುರದ ಆಚೆ ವಯಸ್ಸಾದವರ ಒಂದು ಹೋಮ್ ಇದೆಯಂತೆ, ಬಿಟ್ಟು ಬಂದನಂತೆ, ನೀಟಾಗಿ ನೋಡ್ಕೋತಾರಂತೆ. ಸುಮ್ಮನೆ ಸುದ್ದಿ ಹೇಳುವ ಧಾಟಿಯಲ್ಲಿ ಹೇಳಿದ್ದ. ಆಗ ಮಾವ ಅನ್ನ ಕಲಸುತ್ತಿದ್ದವರು ಕಲಸುತ್ತಲೇ ಇದ್ದರು, ತುತ್ತು ಬಾಯಿಗೆ ಹೋಗಲಿಲ್ಲ.

ಒರೆಸಿದರೆ ಸಾಲುತ್ತಿರಲಿಲ್ಲ. ಆ ಮೊಸಾಯಿಕ್ಕಿನ ಬಿರುಕುಗಳು ಎಲ್ಲವನ್ನೂ ಕುಡಿದು ಸಂಜೆಗೆ ವಾಸನೆಯಾಗಿ ಕಕ್ಕುತ್ತಿದ್ದವು. ವಸಿಷ್ಠ ಸಂಜೆ ಬಂದ ಕೂಡಲೇ ಅಪ್ಪನ ಕೋಣೆಗೆ ಇಣುಕುವವನು. ಹಾಗಾಗಿ ಬಕೆಟ್ಟುಗಟ್ಟಲೆ ನೀರು ಸುರಿದು, ತಿಕ್ಕಿ, ವೈಪರಿನಿಂದ ಬಾಲ್ಕನಿಯ ಕಡೆ ತಳ್ಳುವುದು ಅಭ್ಯಾಸವಾಯಿತು. ಮೆಡಿಕಲ್ ಅಂಗಡಿಯಿಂದ ದೊಡ್ಡವರ ಡಯಾಪರಿನ ಒಂದು ಪ್ಯಾಕೆಟ್ಟು ತಂದು ಮಂಚದ ಮೇಲಿಟ್ಟು ಬಂದಿದ್ದಳು. ಮರುದಿನ ಅದು ಬಿಚ್ಚದೆಯೇ ಬಾಲ್ಕನಿಯ ಕಸದ ಡಬ್ಬಿಯಲ್ಲಿತ್ತು. ಇದನ್ನೆಲ್ಲ ತಾನು ಕರುಣೆಯಿಂದ ಮಾಡಿದೆನೆಂದು ಹೇಳಿಕೊಳ್ಳಲು ಅವಳಿಗೆ ಆಸೆ. ಆದರೆ ಹಾಗೆ ಅಂದುಕೊಳ್ಳುವಾಗಲೆಲ್ಲ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅವರು ಕರೆದರು. ಅವಳು ಅಡುಗೆಮನೆಯಲ್ಲಿದ್ದಳು, ಕೇಳಿಸಿತು. ಕೈಯಲ್ಲಿ ಕೆಲಸವಿರಲಿಲ್ಲ. ಇನ್ನೊಮ್ಮೆ ಕರೆದರು. ಅವಳು ಸ್ಟೂಲಿನ ಮೇಲೆ ಕೂತು, ಇಳಿದಿದ್ದ ಡಿಕಾಕ್ಷನ್ ಬೆರೆಸಿಕೊಂಡು, ಪೂರ್ತಿ ಒಂದು ಲೋಟ ಕಾಫಿ ಕುಡಿದಳು. ಇವಳು ಮಾಡಿದ ಕಾಫಿಯಲ್ಲಿ ಚಿಕೋರಿ ಜಾಸ್ತಿ ಎಂದು ಬಂದವರ ಮುಂದೆ ನಕ್ಕಿದ್ದವರು, ಇವಳ ತಂದೆಯನ್ನು ಗುಮಾಸ್ತರು ಎಂದೇ ಕರೆಯುತ್ತಿದ್ದವರು, ಆಚೆ ಕೋಣೆಯಲ್ಲಿ ಒದ್ದೆ ಪಂಚೆಯಲ್ಲಿ ನಿಂತು ಕಾಯುತ್ತಿದ್ದಾರೆ. ಕಾಫಿ ರುಚಿಯಾಗಿತ್ತು. ಆ ರುಚಿಯನ್ನು ಅವಳು ಯಾರಿಗೂ ಹೇಳುವಂತಿಲ್ಲ.

ಕೆಳಗಿನ ಮನೆಯ ಸೋಮನಾಥ್ ಅವರ ಬೆಡ್‌ರೂಮಿನ ಚಾವಣಿಯಲ್ಲಿ ಕಲೆ ಕಾಣಿಸಿಕೊಂಡದ್ದು ಆಮೇಲೆ. ಮೊದಲು ಅಂಗೈಯಗಲ, ಆಮೇಲೆ ತಟ್ಟೆಯಗಲ. ಪ್ಲಂಬರು ಬಂದ, ಬಾತ್‌ರೂಮಿನ ಜಾಯಿಂಟುಗಳನ್ನು ಬದಲಿಸಿದ, ಕಲೆ ಬೆಳೆಯಿತು. ಸೋಮನಾಥ್ ಜಗಳಗಂಟರಲ್ಲ. ಮಾವನ ಜೊತೆ ದಿನಾ ಪಾರ್ಕಿಗೆ ವಾಕಿಂಗ್ ಹೋಗುವವರು, ಅವರನ್ನು ಪ್ರಿನ್ಸಿಪಾಲರೇ ಎಂದೇ ಕರೆಯುವವರು. “ತಪ್ಪು ತಿಳ್ಕೋಬೇಡಿ ಪ್ರಿನ್ಸಿಪಾಲರೇ, ಮೇಲಿಂದ ಗಾರೆ ಉದುರಿ ದಿಂಬಿನ ಮೇಲೇ ಬಿತ್ತು,” ಎಂದು ನಾಚಿಕೊಂಡೇ ಹೇಳಿದ್ದರು. ಹೀಗೊಂದು ಕ್ಯಾಮೆರಾ ಇದೆ, ಒಡೆಯದೆ ಬಡಿಯದೆ ನೀರು ಎಲ್ಲಿಂದ ಬರ್ತಿದೆ ಅಂತ ತೋರಿಸುತ್ತೆ ಎಂದು ಕರೆಸುವ ಏರ್ಪಾಡು ಮಾಡಿದ್ದೂ ಅವರೇ. ವಸಿಷ್ಠ ಅದಕ್ಕಾಗಿ ಅರ್ಧ ದಿನ ರಜೆ ಹಾಕಿದ್ದ.

ಬೆಲ್ಲಾಯಿತು. ಸಿದ್ದಾರೂಢ ಎಂದು ಹೆಸರು ಹೇಳಿಕೊಂಡ ಕ್ಯಾಮೆರಾದವನು ಮೂವತ್ತರ ಆಸುಪಾಸಿನವನು, ಬಿಟಿಎಂನಿಂದ ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಕ್ಕೆ ಸಾರಿ ಕೇಳುತ್ತಲೇ ಒಳಗೆ ಬಂದ. ಕೈಯಲ್ಲಿ ಅಂಗಡಿಯವರು ಬೆಲೆ ಸ್ಕ್ಯಾನ್ ಮಾಡುವಂಥ ಪಿಸ್ತೂಲಿನಾಕಾರದ ಒಂದು ಯಂತ್ರ, ಅದರ ಬೆನ್ನಿನಲ್ಲಿ ಸಣ್ಣ ಪರದೆ. ಅವನ ಹಿಂದೆ ಸೋಮನಾಥ್, ವಸಿಷ್ಠ. “ನೋಡ್ರಿ ಸಾರ್, ನೀಲಿ ಇದ್ದಲ್ಲಿ ತೇವ ಇರತೈತಿ. ಕೆಂಪು, ಹಳದಿ ಅಂದ್ರ ಬಿಸಿ.” ತೋರಿಸಲೆಂದು ಹಾಲಿನ ಗೋಡೆಗೆ ಅಂಗೈಯನ್ನು ಒಂದು ಗಳಿಗೆ ಒತ್ತಿ ತೆಗೆದ. ಗೋಡೆಯ ಮೇಲೆ ಏನೂ ಇರಲಿಲ್ಲ. ಪರದೆಯಲ್ಲಿ ಮಾತ್ರ ಐದು ಬೆರಳೂ ಹೊಳೆಯುತ್ತ ಹಾಗೇ ಉಳಿದಿದ್ದವು. ವಸಿಷ್ಠ ಮಗುವಿನಂತೆ ತಾನೂ ಒತ್ತಿ ನೋಡಿದ. “ಸಖತ್ತಾಗಿದೆ ಅಲ್ವಾ ಶೈಲಾ, ನೀನೂ ಒತ್ತು.” ಅವಳು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಈ ಮನೆಯಲ್ಲಿ ಮುಟ್ಟಿದ್ದೆಲ್ಲ, ಕೂತಿದ್ದೆಲ್ಲ, ನಿಂತು ಹೋದ ಜಾಗವೆಲ್ಲ ಕೊಂಚ ಹೊತ್ತು ಸಾಕ್ಷಿ ಹೇಳುತ್ತದೆಂದು ಅವಳಿಗೆ ಇದುವರೆಗೆ ಗೊತ್ತಿರಲಿಲ್ಲ.

ಬಾತ್‌ರೂಮು ನೋಡಿದರು, ಅಡುಗೆಮನೆ ನೋಡಿದರು. ಪರದೆಯಲ್ಲಿ ಪೈಪುಗಳು ಗೋಡೆಯೊಳಗೆ ತೆಳುಗೆರೆಯಾಗಿ ಹಾದುಹೋಗಿದ್ದು ಕಂಡಿತೇ ಹೊರತು ಎಲ್ಲೂ ಹರಡಿರಲಿಲ್ಲ. ಸೋಮನಾಥ್ ಮುಖ ಸಪ್ಪಗಾಯಿತು. “ಕಲೆ ಇರೋದು ಈ ಕೋಣೆ ಕೆಳಗಡೆ,” ಎಂದು ಮೆಲ್ಲಗೆ ಮಾವನ ಬಾಗಿಲ ಕಡೆ ತೋರಿಸಿದರು. ಒಳಗೆ ಹೋದರು. ಮಾವ ಪೇಪರನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ಏಳದೆ, “ಬನ್ನಿ ಬನ್ನಿ,” ಎಂದರು. ಸಿದ್ದಾರೂಢ ಮಂಚದ ಕೆಳಗೆ ಯಂತ್ರವನ್ನು ಹಿಡಿದವನು, “ಅಬ್ಬಾ,” ಎಂದ. ಗೋಡೆಯ ಬುಡದಿಂದ ಹೊರಟು ನೆಲದುದ್ದಕ್ಕೂ, ಮಸಿಕುಡಿಕೆ ಉರುಳಿಸಿದ ಹಾಗೆ, ನೀಲಿ. “ಫ್ಯಾನ್ ಹಚ್ಚಿದ್ದು ಛಲೋ ಆತ್ರಿ ಮೇಡಂ. ಗಾಳಿಗೆ ತೇವ ಇನ್ನಷ್ಟು ತಣ್ಣಗಾಗತೈತಿ, ಹಿಂಗ ಚೊಕ್ಕ ಕಾಣತೈತಿ.” ಶೈಲಶ್ರೀ ಬಾಗಿಲಿನಿಂದ ಒಳಗೆ ಬಂದು ಪರದೆ ನೋಡಿದಳು. ಅವನು ಇನ್ನೊಂದು ಸಣ್ಣ ಮೀಟರನ್ನು ನೆಲಕ್ಕೆ ಒತ್ತಿ ನೋಡಿ ತಲೆ ಕೆರೆದುಕೊಂಡ. “ಆದ್ರ ಸಾರ್, ಈ ಕಡೆ ಪೈಪೇ ಇಲ್ಲಲ್ರಿ. ನೀರು ಎಲ್ಲಿಂದ ಬರಬೇಕು? ಮ್ಯಾಲಿಂದ ಯಾರರ ಸುರೀಬೇಕು, ಅಷ್ಟ.”

ವಸಿಷ್ಠ ನಕ್ಕ. “ಬೆಡ್‌ರೂಮಲ್ಲಿ ಯಾರ್ರೀ ನೀರು ಸುರೀತಾರೆ?” ಸಿದ್ದಾರೂಢ ನೀಲಿಯ ಅಂಚನ್ನು ಹಿಂಬಾಲಿಸುತ್ತ ಯಂತ್ರವನ್ನು ಕಿಟಕಿಯ ಕಡೆಗೆ ತಿರುಗಿಸಿದ. ಪರದೆಯ ಸುತ್ತ ಎಲ್ಲರ ತಲೆಗಳೂ ಸೇರಿದ್ದವು, ಅವಳ ತಲೆಯೂ. ಹಾಗಾಗಿ ಎಲ್ಲರೂ ಒಟ್ಟಿಗೇ ನೋಡಿದರು. ಬೆತ್ತದ ಕುರ್ಚಿಯ ಕೆಳಗೆ ಹೊಳೆಯುವ ಹಳದಿ ಮಡು, ಕಿತ್ತಳೆ ಅಂಚು. ನೋಡನೋಡುತ್ತಿದ್ದಂತೆ ಅದು ಸಣ್ಣ ನಾಲಿಗೆ ಚಾಚಿ ನೀಲಿಯ ಕಡೆ ಹರಿಯಿತು. ಬರಿಗಣ್ಣಿಗೆ ಆ ಕಂದು ಮೊಸಾಯಿಕ್ಕಿನ ಮೇಲೆ ಏನೂ ಕಾಣುತ್ತಿರಲಿಲ್ಲ. “ಇಲ್ಲಿ ಈಗ ಬಿಸಿ ನೀರ ಏನರ ಚೆಲ್ಲೈತೇನ್ರಿ?” ಎಂದು ಅವನು ಏನೂ ತಿಳಿಯದೆ ಕೇಳಿದ. ಶೈಲಶ್ರೀ ಮಾವನ ಮುಖ ನೋಡಿದಳು. ತೊಡೆಯ ಮೇಲಿನ ಪೇಪರನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಅವರ ಕಣ್ಣು ಸೋಮನಾಥ್ ಮೇಲಿತ್ತು.

“ಅವಳನ್ನೇ ಕೇಳಿ,” ಎಂದರು ಸಂಜೀವಯ್ಯ. ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿ. “ದಿನಾ ಬಕೆಟ್‌ಗಟ್ಟಲೆ ನೀರು ತಂದು ಈ ಕೋಣೇಲಿ ಸುರೀತಾಳೆ. ಬಿಸಿ ನೀರು, ಫಿನಾಯಿಲು. ಈಗ ನೀವು ಬರೋ ಮುಂಚೇನೂ ಅಷ್ಟೇ. ಎಷ್ಟು ಹೇಳಿದ್ರೂ ಕೇಳಲ್ಲ. ಮಡಿಯೋ ಮೈಲಿಗೆಯೋ, ಏನು ಹುಚ್ಚೋ. ಮನೆ ಮಾತು ಹೊರಗಡೆ ಹೋಗಬಾರದು ಅಂತ ನಾನು ಸುಮ್ಮನಿದ್ದೆ.”

ವಸಿಷ್ಠ ಅವಳ ಕಡೆ ತಿರುಗಿದ. “ಶೈಲಾ?”

ಹೇಳಿಬಿಡಬಹುದಿತ್ತು. ಕುರ್ಚಿಯ ಹತ್ತಿರ ಹೋಗಿ ಬಗ್ಗಿ ಮೂಸಿ ನೋಡಿ ಎಂದರೆ ಮುಗಿಯುತ್ತಿತ್ತು. ಅವಳು ತುಟಿ ತೆರೆದಳು ಕೂಡ. ಆಗ ಮಾವ ಪೇಪರನ್ನು ಮೊಣಕಾಲಿನವರೆಗೆ ಎಳೆದುಕೊಳ್ಳುತ್ತಿರುವುದು ಕಂಡಿತು. ಕಾಫಿಯ ಲೋಟ ನೆನಪಾಯಿತು. ಬಹುಶಃ ಆ ಮಧ್ಯಾಹ್ನ ಅವರಿಗೂ ಗೊತ್ತಾಗಿತ್ತು, ಸ್ಟೂಲು ಎಳೆದ ಸದ್ದು, ಲೋಟ ಇಟ್ಟ ಸದ್ದು ಎಲ್ಲ ಕೇಳಿಸಿತ್ತು. ಇದು ಅದರ ಉತ್ತರ. ಹಾಗೆ ಅನ್ನಿಸಿದ್ದೇ ತಡ, ಒಂದು ಬಗೆಯ ಲೆಕ್ಕ ಚುಕ್ತಾ ಆದಂತೆ ಮೈ ಸಡಿಲವಾಯಿತು. “ಹೌದು,” ಎಂದಳು. “ನನಗೆ ಕೊಳೆ ಅಂದ್ರೆ ಆಗಲ್ಲ. ತೊಳೀತಾ ಇರ್ತೀನಿ.” ಸೋಮನಾಥ್ ತಾವೇ ತಪ್ಪು ಮಾಡಿದವರಂತೆ ಕಿಟಕಿಯ ಹೊರಗೆ ನೋಡಿದರು. “ಅಯ್ಯೋ ಅದಕ್ಕೇನಮ್ಮ, ಇರುತ್ತೆ ಕೆಲವರಿಗೆ.” ಸಿದ್ದಾರೂಢ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡ. “ನೀರ ಹಾಕೋದ ಬಿಟ್ರ ತಾನ ಒಣಗತೈತ್ರಿ ಮೇಡಂ. ಬಿರುಕಿಗೆ ಸಿಮೆಂಟ್ ತುಂಬಸ್ರಿ, ಸಾಕು.” ಎಲ್ಲರೂ ಹಾಲಿಗೆ ನಡೆದ ಮೇಲೆ ಅವಳು ಒಂದು ಹಳೆಯ ಟವಲನ್ನು ತಂದು ಕುರ್ಚಿಯ ಕೆಳಗೆ ಹಾಕಿ ಕಾಲಿನಿಂದ ಒರೆಸಿದಳು. ಮಾವ ಮತ್ತೆ ಪೇಪರನ್ನು ಎತ್ತಿ ಹಿಡಿದಿದ್ದರು. ಅದರ ಹಿಂದಿನಿಂದ ಉಸಿರಿನ ಸದ್ದು ಮಾತ್ರ ಬರುತ್ತಿತ್ತು.

ವಸಿಷ್ಠ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಬಕೆಟ್ಟು, ವೈಪರು, ಫಿನಾಯಿಲ್ ಡಬ್ಬಿಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ. “ಎಲ್ಲ ಸರಿ ಹೋಗುತ್ತೆ. ನಾನೇ ಗಮನಿಸಬೇಕಿತ್ತು,” ಎಂದು ಅವಳ ಕೈ ಹಿಡಿದು, ಫಿನಾಯಿಲಿನಿಂದ ಸುಲಿದ ಬೆರಳ ತುದಿಗಳನ್ನು ನೋಡಿದ. ಎಷ್ಟೋ ವರ್ಷಗಳ ಮೇಲೆ ಅವನು ಅವಳ ಬೆರಳುಗಳನ್ನು ನೋಡಿದ್ದು. ಮೆಟ್ಟಿಲ ಮೇಲೆ ಸಿಕ್ಕ ಸೋಮನಾಥರ ಹೆಂಡತಿ ಸರಸ್ವತಿ, “ನಮ್ಮಕ್ಕನಿಗೂ ಹೀಗೇ ಇತ್ತು ಕಣ್ರೀ, ನೋಟನ್ನೂ ತೊಳೆದು ಒಣಗಹಾಕೋಳು, ಈಗ ಮಾತ್ರೇಲಿ ಆರಾಮಾಗಿದ್ದಾಳೆ,” ಎಂದು ಭುಜ ಸವರಿದರು. ಮಾವ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು: “ಪಾಪ, ಅವಳಿಗೆ ಸ್ವಲ್ಪ ತೊಂದರೆ.” ಅದೇ ದಿನ ಮಧ್ಯಾಹ್ನ, ಅದೇ ಬಾಯಿಯಿಂದ, ಎಂದಿನ ತಗ್ಗಿದ ದನಿಯಲ್ಲಿ, “ಕೋಣೆ ಸ್ವಲ್ಪ ನೋಡಮ್ಮ.” ಅವಳು ಹಳೆಯ ಪೇಪರುಗಳನ್ನೂ ಹರಿದ ಬೆಡ್‌ಶೀಟಿನ ತುಂಡುಗಳನ್ನೂ ಹಿಡಿದು ಹೋದಳು. ತುಂಡುಗಳನ್ನು ತೊಳೆದು ಟೆರೇಸಿನಲ್ಲಿ ಒಣಗಹಾಕಿದರೆ, ಸಂಜೆ ವಸಿಷ್ಠ ಅವನ್ನು ನೋಡಿ ಮೆತ್ತಗೆ, “ಮತ್ತೆ ಶುರು ಮಾಡಿದ್ಯಾ?” ಎಂದ. ತೊಳೆದರೆ ಹುಚ್ಚು, ತೊಳೆಯದಿದ್ದರೆ ಮಾವನಿಗೆ ಅಂಜನಾಪುರದ ಆಚೆಯ ಹೋಮ್. ಅವಳು ಟೆರೇಸಿಗೆ ಹತ್ತಿ, ಒಣಗಿದ ಬಟ್ಟೆಗಳ ನಡುವೆ ನಿಂತು, ಎದುರು ಮನೆಯ ನೀರಿನ ಟ್ಯಾಂಕು ತುಂಬಿ ಹೊರಚೆಲ್ಲುವುದನ್ನು ಯಾರಾದರೂ ಬಂದು ನಿಲ್ಲಿಸುವವರೆಗೆ ನೋಡಿದಳು.

ಗಂಡ ಕರೆದುಕೊಂಡು ಹೋದ ಮನಸ್ಸಿನ ಡಾಕ್ಟರು ಜಯನಗರದಲ್ಲೇ ಇದ್ದರು, ಹೆಂಗಸು, ವಯಸ್ಸಾದವರು. ವಸಿಷ್ಠನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು. ಇಲ್ಲಿ ಹೇಳಬಹುದು ಎಂದು ಶೈಲಶ್ರೀ ಅಂದುಕೊಂಡಳು. ಇವರು ಯಾರಿಗೂ ಹೇಳುವುದಿಲ್ಲ, ಅದು ಇವರ ಕೆಲಸ. “ತೊಳೀದೇ ಇದ್ರೆ ಏನಾಗುತ್ತೆ ಅನ್ಸುತ್ತೆ ನಿಮಗೆ?” “ವಾಸನೆ ಬರುತ್ತೆ ಡಾಕ್ಟ್ರೇ.” “ಎಲ್ಲಿಂದ?” “ಎಲ್ಲ ಕಡೆಯಿಂದ. ಊಟದಲ್ಲಿ ಬರುತ್ತೆ. ಹೂವಲ್ಲಿ ಬರುತ್ತೆ.” ಹೇಳುತ್ತ ಹೋದಂತೆ ಅವಳಿಗೆ ಬೆರಗಾಯಿತು, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. “ಈ ವಾಸನೆ ನಿಮಗೆ ಮಾತ್ರ ಬರುತ್ತಾ, ಮನೇಲಿ ಬೇರೆಯವರಿಗೂ ಬರುತ್ತಾ?” ವಸಿಷ್ಠ ದಿನಾ ಸಂಜೆ ಆ ಕೋಣೆಗೆ ಹೋಗುತ್ತಾನೆ, ಮಂಚದ ಮೇಲೆ ಕೂತು ಕ್ರಿಕೆಟ್ಟಿನ ಸ್ಕೋರು ಹೇಳುತ್ತಾನೆ, ಅವನಿಗೆ ಒಂದು ದಿನವೂ ಬಂದಿಲ್ಲ. ಬರದಂತೆ ತಾನೇ ನೋಡಿಕೊಂಡಿದ್ದೇನೆ. “ನನಗೆ ಮಾತ್ರ,” ಎಂದಳು. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಆ ತಲೆಯಾಡಿಸುವಿಕೆಯಲ್ಲಿ ಎಷ್ಟು ಕನಿಕರವಿತ್ತೆಂದರೆ ಶೈಲಶ್ರೀಗೆ ಅಳು ಬಂತು, ಆ ಅಳುವನ್ನೂ ಅವರು ಕಾಯಿಲೆಯ ಲೆಕ್ಕಕ್ಕೇ ಸೇರಿಸಿಕೊಂಡರು.

ಅವರು ಬರೆದುಕೊಟ್ಟ ಮಾತ್ರೆಗೆ ನಿದ್ದೆ ಬರುತ್ತದೆಂದು ಹೇಳಿದ್ದರು. ಮೊದಲ ಕೆಲವು ದಿನ ಅವಳು ಅದನ್ನು ನಾಲಗೆಯ ಕೆಳಗಿಟ್ಟುಕೊಂಡು ಆಮೇಲೆ ಸಿಂಕಿಗೆ ಉಗಿದಳು. ಒಂದು ಬೆಳಿಗ್ಗೆ, ತಿಂಡಿ ಬಡಿಸಿ ನಿಂತಾಗ, ವಸಿಷ್ಠ ನೀರಿನ ಲೋಟ ಹಿಡಿದು ಎದುರಿಗೇ ನಿಂತಿದ್ದ, ನುಂಗಿದಳು. ಅಡುಗೆ ಮುಗಿಸುವ ಹೊತ್ತಿಗೆ ರೆಪ್ಪೆ ಎಳೆಯತೊಡಗಿತು. ಮಾವನಿಗೆ ಊಟ ಬಡಿಸಿ, ಹಾಲಿನ ದಿವಾನದ ಮೇಲೆ ಒರಗಿದಳು. ಒಂದು ಗಳಿಗೆ ಎಂದುಕೊಂಡಳು. ಕನಸೂ ಇಲ್ಲದ, ವಾಸನೆಯೂ ಇಲ್ಲದ ನಿದ್ದೆ. ಎಲ್ಲೋ ಬಹಳ ದೂರದಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು. ಕರೆದವರು ತಾವೇ ಸುಮ್ಮನಾದರು.

ಎಚ್ಚರಾದಾಗ ಹಾಲಿನಲ್ಲಿ ಬಿಸಿಲು ಉಳಿದಿರಲಿಲ್ಲ. ಗಾಬರಿಯಿಂದ ಎದ್ದು ಕೋಣೆಯ ಬಾಗಿಲಿಗೆ ಹೋದಳು. ಸಂಜೀವಯ್ಯ ನೆಲದ ಮೇಲಿದ್ದರು. ಬಿದ್ದಿರಲಿಲ್ಲ, ಮೊಣಕಾಲೂರಿ, ತಮ್ಮ ಇಸ್ತ್ರಿಯ ಅಂಗಿಯನ್ನು ಬಿಚ್ಚಿ ಉಂಡೆ ಮಾಡಿಕೊಂಡು, ಕುರ್ಚಿಯ ಕೆಳಗಿನಿಂದ ಮಂಚದವರೆಗೆ ಒರೆಸುತ್ತಿದ್ದರು. ಒರೆಸಿದಷ್ಟೂ ಹರಡುತ್ತಿತ್ತು. ಬನಿಯನ್ನಿನ ಬೆನ್ನು ಬೆವತಿತ್ತು. ಎಷ್ಟು ಹೊತ್ತಿನಿಂದ ಹಾಗಿದ್ದರೋ, ಒಂದು ಕೈಯಿಂದ ಮಂಚದ ಕಾಲನ್ನು ಹಿಡಿದು ಏಳಲು ನೋಡಿದರು, ಆಗಲಿಲ್ಲ. ಇಷ್ಟು ದಿನ ಅವರ ಮೇಲೆ ಕಟ್ಟಿಟ್ಟುಕೊಂಡಿದ್ದ ಮಾತುಗಳೆಲ್ಲ ಅವಳ ನಾಲಗೆಯ ತುದಿಗೆ ಬಂದವು. ಯಾಕೆ ಹಾಗಂದಿರಿ ಎಂಬ ಒಂದು ಪ್ರಶ್ನೆಯನ್ನಾದರೂ ಕೇಳಬೇಕಿತ್ತು. ಅವರು ಬಾಗಿಲ ಕಡೆ ನೋಡದೆ, ಕಾಲ ಸಪ್ಪಳದಿಂದಲೇ ಅವಳೆಂದು ತಿಳಿದವರಂತೆ, “ಕಾಲಿಡಬೇಡಮ್ಮ,” ಎಂದರು. “ಜಾರ್ತೀಯ.”

ಅವಳು ಒಳಗೆ ಬಂದಳು. ಅವರ ಕಂಕುಳಲ್ಲಿ ಕೈ ಹಾಕಿ ಎತ್ತಲು ನೋಡಿದಳು; ಮಾತ್ರೆಯ ಮಂಪರಿನಲ್ಲಿ ಅವಳ ಕಾಲಿನಲ್ಲೂ ಬಲವಿರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು, ಇಬ್ಬರೂ ನಿಧಾನವಾಗಿ ಕುಸಿದು ಮಂಚಕ್ಕೆ ಬೆನ್ನು ಕೊಟ್ಟು ಕೂತರು. ಒದ್ದೆ ಅವಳ ಸೀರೆಗೆ ಏರಿತು. ಹೊರಗೆ ಮುಂಬಾಗಿಲ ಬೀಗದಲ್ಲಿ ಕೀಲಿ ತಿರುಗಿದ ಸದ್ದಾಯಿತು. ಈ ಸದ್ದು ಕೇಳಿದ ಕೂಡಲೇ ಎದ್ದು, ಕೋಣೆಯ ಬಾಗಿಲನ್ನು ಮುಂದೆ ಮಾಡಿ, ಊದುಬತ್ತಿ ಹಚ್ಚಿ, ನಗುತ್ತ ಹಾಲಿಗೆ ಹೋಗಬೇಕು. ಅವಳ ಮೈಗೆ ಅದು ತಾನಾಗಿ ಬರುತ್ತಿತ್ತು. ಈಗಲೂ ಮೊಣಕಾಲು ಒಮ್ಮೆ ಮಡಿಚಿಕೊಂಡಿತು. ಮಾವ ಅವಳ ಮಣಿಕಟ್ಟನ್ನು ಹಿಡಿದರು. ಗಟ್ಟಿಯಾಗಿ, ನೋವಾಗುವಷ್ಟು. ಹೇಳಬೇಡ ಎನ್ನುತ್ತಾರೆಂದು ಅವಳು ಕಾದಳು. ಸ್ವಲ್ಪ ಹೊತ್ತಿಗೆ ಆ ಹಿಡಿತ ಬರೀ ಕೈ ಮೇಲೆ ಇಟ್ಟ ಕೈಯಾಯಿತು.

“ಶೈಲಾ?” ಎಂದು ಹಾಲಿನಿಂದ ವಸಿಷ್ಠ ಕರೆದ. “ಎಲ್ಲಿದ್ದೀಯ?”

“ಇಲ್ಲಿದ್ದೀನಿ, ಮಾವನ ಕೋಣೇಲಿ,” ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. “ನೋಡ್ಕೊಂಡು ಬನ್ನಿ, ನೆಲ ಒದ್ದೆ ಇದೆ.”